ಕಾಗದದ ಮೇಲಿನ ಗುರಿ, ಕಾಡಿನೊಳಗಿನ ಗಾಯ



ಮಳೆಗಾಲ ಮುಗಿದ ಮೇಲೆ ನಮ್ಮೂರ ಪ್ರೌಢಶಾಲೆಯ ಮಕ್ಕಳನ್ನು ಕರೆದುಕೊಂಡು ಕಾನು ಸುತ್ತಲು ಹೋಗಿದ್ದೆವು. ಕಾಡುಹಂದಿಗಳು ಉತ್ತು ಹಾಕಿದ್ದ ಗದ್ದೆಯೊಂದರ ಅಂಚಿನಲ್ಲಿ ಬುತ್ತಿ ಬಿಚ್ಚಿ ಕುಳಿತಿದ್ದಾಗ ಹತ್ತನೆಯ ತರಗತಿಯ ಹುಡುಗನೊಬ್ಬ ಕೇಳಿದ: “ಸಾರ್, ಅಮೆರಿಕದವರ ಹತ್ರ ಡೆಸರ್ಟ್ ಈಗಲ್ ಅಂತ ಪಿಸ್ತೂಲಿದೆ. ಬೇಟೆಗೆ ಆಗತ್ತೋ ಇಲ್ವೋ ಅಂತ ಗುರಿ ಪರೀಕ್ಷೆ ಮಾಡಿ ತೋರಿಸಿದಾರೆ. ಐದಕ್ಕೆ ಐದೂ ಗುಂಡು ಅಂಗೈಯಷ್ಟು ಜಾಗದಲ್ಲೇ ಬಿದ್ದಿದೆ. ಅಂಥದ್ದೊಂದು ನಮ್ಮಲ್ಲಿದ್ದಿದ್ರೆ ಹಂದಿಗೆ ನೋವೇ ಆಗದ ಹಾಗೆ ಒಂದೇ ಈಡಿಗೆ ಮುಗಿಸಬಹುದಿತ್ತಲ್ವಾ?”

ಪ್ರಶ್ನೆಯಲ್ಲಿ ದುಷ್ಟತನವಿರಲಿಲ್ಲ. ಹಂದಿ ಉತ್ತಿದ್ದ ಆ ಗದ್ದೆ ಅವನ ಮನೆಯದೇ ಆಗಿತ್ತು. ನೋವಿಲ್ಲದ ಸಾವು ಎಂಬ ಕರುಣೆಯೂ ಆ ಮಾತಿನೊಳಗಿತ್ತು. ಅಂದು ನನಗೆ ಸರಿಯಾದ ಉತ್ತರ ಹೊಳೆಯಲಿಲ್ಲ. ಮನೆಗೆ ಬಂದು ಕುಳಿತು ಯೋಚಿಸಿದಾಗ, ಇದು ಆ ಹುಡುಗನೊಬ್ಬನ ಪ್ರಶ್ನೆಯಲ್ಲ, ಯಂತ್ರದ ಅಚ್ಚುಕಟ್ಟುತನವನ್ನು ಮನುಷ್ಯನ ಹೊಣೆಗಾರಿಕೆ ಎಂದು ತಪ್ಪು ತಿಳಿಯುವ ನಮ್ಮೆಲ್ಲರ ಪ್ರಶ್ನೆ ಎನಿಸಿತು. ಹಾಗಾಗಿ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ನನ್ನ ವಾದ ಇಷ್ಟು: ಶಕ್ತಿಶಾಲಿ ಪಿಸ್ತೂಲೊಂದರ ಗುರಿ ಪರೀಕ್ಷೆಯು ಆ ಪಿಸ್ತೂಲಿನ ಬಗ್ಗೆ ಏನನ್ನಾದರೂ ಹೇಳೀತು, ಅದು ಬೇಟೆಗೆ ತಕ್ಕದ್ದೆಂಬ ಪ್ರಮಾಣಪತ್ರವನ್ನು ಕೊಡುವ ಅಧಿಕಾರ ಆ ಪರೀಕ್ಷೆಗಿಲ್ಲ.

ಪರೀಕ್ಷೆಗೆ ನಿಂತ ಆಯುಧ

ಮೊದಲು ಆಯುಧವನ್ನು ತಿಳಿಯೋಣ. ಡೆಸರ್ಟ್ ಈಗಲ್ ಪಿಸ್ತೂಲನ್ನು ಅಮೆರಿಕದ ಮಿನ್ನೆಸೋಟ ರಾಜ್ಯದ ಮ್ಯಾಗ್ನಮ್ ರಿಸರ್ಚ್ ಸಂಸ್ಥೆ 1980ರ ದಶಕದಲ್ಲಿ ಇಸ್ರೇಲಿನ ಆಯುಧ ಕಾರ್ಖಾನೆಯ ಸಹಯೋಗದಲ್ಲಿ ರೂಪಿಸಿತು. ಸಾಮಾನ್ಯ ಪಿಸ್ತೂಲುಗಳಿಗೆ ತಾಳಲಾಗದ ಮ್ಯಾಗ್ನಮ್ ತೋಟೆಗಳನ್ನು ಇದು ಹಾರಿಸುತ್ತದೆ. ಒಂದು ಗುಂಡು ಹಾರಿದಾಗ ಹುಟ್ಟುವ ಅನಿಲದ ಒಂದಂಶವನ್ನೇ ಬಳಸಿ ಖಾಲಿ ತೋಟೆಯನ್ನು ಹೊರಹಾಕಿ ಮುಂದಿನದನ್ನು ತುಂಬಿಕೊಳ್ಳುತ್ತದೆ. ಪ್ರತಿ ಈಡಿಗೂ ಕುದುರೆಯನ್ನು ಒಮ್ಮೆ ಒತ್ತಬೇಕು. ತುಂಬುವ ಕೆಲಸ ಮಾತ್ರ ತಾನಾಗಿಯೇ ನಡೆಯುತ್ತದೆ. ಅರೆ ಸ್ವಯಂಚಾಲಿತ ಎಂದು ಕರೆಯುವುದು ಇದನ್ನೇ. ತೂಕ ಸುಮಾರು 2 ಕಿಲೋ. ಇದರ ಅತಿ ದೊಡ್ಡ ತೋಟೆಯ ಗುಂಡಿನ ವ್ಯಾಸ 12.7 ಮಿಲಿಮೀಟರ್, ಅಂಥ 7 ತೋಟೆಗಳು ಹಿಡಿಯಲ್ಲಿ ತುಂಬುತ್ತವೆ. ಸಿನಿಮಾಗಳೂ ಕಂಪ್ಯೂಟರ್ ಆಟಗಳೂ ಇದನ್ನು ಜಗತ್ಪ್ರಸಿದ್ಧಗೊಳಿಸಿದವು. ಅಮೆರಿಕದ ಕೆಲವು ಬೇಟೆಗಾರರು ಇದಕ್ಕೆ ಉದ್ದನೆಯ ನಳಿಗೆ ಮತ್ತು ದುರ್ಬೀನು ಅಳವಡಿಸಿ ಜಿಂಕೆ, ಹಂದಿಗಳ ಬೇಟೆಗೆ ಒಯ್ಯುತ್ತಾರೆ.

ಇಂಥ ಆಯುಧದ ಗುರಿಯನ್ನು ಪರೀಕ್ಷಿಸುವ ಬಗೆ ಹೀಗಿದೆ. ಗುಂಡು ಹಾರಿಸುವವನು ಗಟ್ಟಿಯಾದ ಮೇಜಿನ ಮುಂದೆ ಕುಳಿತುಕೊಳ್ಳುತ್ತಾನೆ. ಕೈಯನ್ನೂ ಪಿಸ್ತೂಲನ್ನೂ ಮರಳಿನ ಚೀಲದ ಮೇಲೆ ಊರುತ್ತಾನೆ. ಇನ್ನೂ ಕರಾರುವಾಕ್ಕಾಗಿ ಮಾಡಬೇಕೆಂದರೆ ಪಿಸ್ತೂಲನ್ನು ಕಬ್ಬಿಣದ ಹಿಡಿಕೆಯೊಂದಕ್ಕೆ ಬಿಗಿದು, ಮನುಷ್ಯನ ಕೈಯನ್ನೇ ತೆಗೆದುಹಾಕುತ್ತಾರೆ. ಎದುರಿಗೆ 25 ಅಥವಾ 50 ಗಜ ದೂರದಲ್ಲಿ ಕಾಗದದ ಗುರಿಹಲಗೆ. ಐದು ಗುಂಡು ಹಾರಿಸಿ, ಅತಿ ದೂರದ ಎರಡು ರಂಧ್ರಗಳ ನಡುವಿನ ಅಂತರವನ್ನು ಅಳೆಯುತ್ತಾರೆ. ಅಂತರ ಕಡಿಮೆಯಾದಷ್ಟೂ ಆಯುಧ ನಿಖರ. ಕೊನೆಗೆ ಒಂದು ವಾಕ್ಯ ಬರುತ್ತದೆ: ಇದು ಬೇಟೆಗೆ ಯೋಗ್ಯ.

ಈ ಕೊನೆಯ ವಾಕ್ಯವೇ ನನ್ನ ತಕರಾರು. ಅದಕ್ಕಿಂತ ಮೊದಲು ನಡೆದದ್ದೆಲ್ಲ ಅಳತೆ, ಅದರಲ್ಲಿ ಸುಳ್ಳಿಲ್ಲ. ಆದರೆ ಅಳೆದದ್ದು ಒಂದು, ತೀರ್ಪು ಕೊಟ್ಟದ್ದು ಇನ್ನೊಂದಕ್ಕೆ.

ವಿದ್ಯಾರ್ಥಿಗಳಿಗೊಂದು ಲೆಕ್ಕ

ವಿದ್ಯಾರ್ಥಿ ಮಿತ್ರರೇ, ಕಾಗದ ಪೆನ್ಸಿಲು ತೆಗೆದುಕೊಳ್ಳಿ. ಉದಾಹರಣೆಗೆ, 25 ಮೀಟರ್ ದೂರದಲ್ಲಿ ಐದು ಗುಂಡುಗಳು 10 ಸೆಂಟಿಮೀಟರ್ ಅಗಲದೊಳಗೆ ಬಿದ್ದವೆನ್ನೋಣ. ಗುಂಡುಗಳು ಬೀಸಣಿಗೆಯ ಕಡ್ಡಿಗಳಂತೆ ಹರಡುತ್ತ ಹೋಗುವುದರಿಂದ ದೂರ ಇಮ್ಮಡಿಯಾದರೆ ಹರಹೂ ಇಮ್ಮಡಿಯಾಗುತ್ತದೆ. 50 ಮೀಟರಿಗೆ 20 ಸೆಂಟಿಮೀಟರ್. 100 ಮೀಟರಿಗೆ 40 ಸೆಂಟಿಮೀಟರ್. ಜಿಂಕೆಯ ದೇಹದಲ್ಲಿ ಗುಂಡು ತಗುಲಿದರೆ ಬೇಗ ಸಾಯುವ ಭಾಗ, ಅಂದರೆ ಹೃದಯ ಮತ್ತು ಶ್ವಾಸಕೋಶಗಳ ಜಾಗ, ಅಮೆರಿಕದ ಬೇಟೆಗಾರರೇ ಹೇಳುವಂತೆ ಸುಮಾರು 20 ಸೆಂಟಿಮೀಟರ್ ಅಗಲದ ಒಂದು ವೃತ್ತ. 100 ಮೀಟರಿನಲ್ಲಿ ಈ ಯಂತ್ರದ ಹರಹು ಆ ವೃತ್ತದ ಎರಡರಷ್ಟಿದೆ. ಉಳಿದ ಜಾಗದಲ್ಲಿ ಏನಿದೆ? ಹೊಟ್ಟೆ, ದವಡೆ, ಕಾಲು, ಬೆನ್ನು. ಅಲ್ಲಿ ತಗುಲಿದ ಗುಂಡು ತಕ್ಷಣಕ್ಕೆ ಕೊಲ್ಲುವುದಿಲ್ಲ.

ಇದು ಮರಳಿನ ಚೀಲದ ಮೇಲಿನ ಲೆಕ್ಕ. ಕೈಯ ಲೆಕ್ಕ ಬೇರೆಯೇ ಇದೆ. ಪಿಸ್ತೂಲಿನ ಮುಂದಿನ ಗುರಿಕಡ್ಡಿಗೂ ಹಿಂದಿನ ಗುರಿಕಂಡಿಗೂ ನಡುವಿನ ಅಂತರ ಒಂದು ಗೇಣಿನಷ್ಟು. 22 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಅವೆರಡರ ಹೊಂದಾಣಿಕೆ ಬರೇ ಒಂದು ಮಿಲಿಮೀಟರ್ ತಪ್ಪಿದರೆ 50 ಮೀಟರ್ ದೂರದಲ್ಲಿ ಗುಂಡು ಸುಮಾರು 23 ಸೆಂಟಿಮೀಟರ್ ಆಚೆ ಬೀಳುತ್ತದೆ. ಒಂದು ಮಿಲಿಮೀಟರ್! ಗುಡ್ಡ ಹತ್ತಿ ಏದುಸಿರು ಬಿಡುವವನ ಚಾಚಿದ ಕೈ ಎಷ್ಟು ಮಿಲಿಮೀಟರ್ ನಡುಗುತ್ತದೆಂದು ನೀವೇ ಲೆಕ್ಕ ಹಾಕಿ. ದುರ್ಬೀನು ಹಾಕಿದರೆ ಕಣ್ಣಿನ ತಪ್ಪು ಕಡಿಮೆಯಾದೀತು, ಕೈಯ ನಡುಕ ಹೋಗದು. ಕೋವಿಗೆ ಹೆಗಲಿನ ಆಸರೆಯಿದೆ, ಕೆನ್ನೆಯ ಆಸರೆಯಿದೆ; ಪಿಸ್ತೂಲಿಗೆ ಎರಡು ಮಣಿಕಟ್ಟುಗಳಷ್ಟೇ ಗತಿ. ಆ ಮಣಿಕಟ್ಟು ಸಡಿಲವಾದರೆ ಅರೆ ಸ್ವಯಂಚಾಲಿತ ಪಿಸ್ತೂಲು ಮುಂದಿನ ತೋಟೆಯನ್ನು ಸರಿಯಾಗಿ ತುಂಬಿಕೊಳ್ಳದೆ ನಡುವೆಯೇ ಸಿಕ್ಕಿಹಾಕಿಕೊಳ್ಳುವುದೂ ಉಂಟು. ಗುಂಡಿನ ಒದೆತಕ್ಕೆ ಹೆದರಿದ ಕೈ ಕುದುರೆ ಒತ್ತುವ ಮುಂಚೆಯೇ ಅಳುಕುವುದು ಅನುಭವಸ್ಥರಿಗೂ ತಪ್ಪಿದ್ದಲ್ಲ.

ಇನ್ನೂ ಒಂದು ಮಾತಿದೆ. ಐದು ಗುಂಡುಗಳ ಗುಂಪು ಬಹಳ ಚಿಕ್ಕ ಸಾಕ್ಷ್ಯ. ಅದೇ ಆಯುಧದಿಂದ ಐವತ್ತು ಗುಂಡು ಹಾರಿಸಿದರೆ ಅತಿ ದೂರದ ಎರಡು ರಂಧ್ರಗಳ ಅಂತರ ಹಿಗ್ಗುತ್ತದೆಯೇ ಹೊರತು ಕುಗ್ಗುವುದಿಲ್ಲ. ಆದರೆ ಹೊಗಳಿಕೆಗೆ ಆರಿಸಿಕೊಳ್ಳುವುದು ಅತ್ಯುತ್ತಮ ಗುಂಪನ್ನೇ. ನಾಲ್ಕು ಗುಂಡು ಒಟ್ಟಿಗೆ ಬಿದ್ದು ಐದನೆಯದು ದೂರ ಹೋದರೆ, ಅದು ಕೈತಪ್ಪಿ ಹೋದದ್ದು, ಲೆಕ್ಕಕ್ಕಿಲ್ಲ ಎನ್ನುವ ರೂಢಿ ಗುರಿಕಾರರಲ್ಲಿದೆ. ಕಾಗದದ ಮೇಲೆ ಈ ಮಾತು ನಡೆಯುತ್ತದೆ. ಕಾಡಿನಲ್ಲಿ ಆ ಐದನೆಯ ಗುಂಡು ಎಲ್ಲಿಗೆ ಹೋಯಿತು? ಲೆಕ್ಕದಿಂದ ಬಿಟ್ಟ ಆ ಗುಂಡನ್ನು ಹೊಟ್ಟೆಯಲ್ಲಿ ಹೊತ್ತು ಓಡುವ ಮಿಗವೊಂದಿದೆ. ಅದರ ಪಾಲಿಗೆ ಪರೀಕ್ಷೆಯೆಲ್ಲ ಆ ಒಂದೇ ಗುಂಡು.

ಬಲ ಹೆಚ್ಚಾದರೆ ತಪ್ಪು ಕಡಿಮೆಯಾದೀತೆ?

ಗುರಿ ಸ್ವಲ್ಪ ತಪ್ಪಿದರೇನು, ಇಷ್ಟು ಬಲದ ಗುಂಡು ಎಲ್ಲಿ ತಗುಲಿದರೂ ಕೆಡವುತ್ತದೆ ಎಂಬುದು ಎರಡನೆಯ ವಾದ. ಇದೂ ನಿಲ್ಲುವುದಿಲ್ಲ. ಡೆಸರ್ಟ್ ಈಗಲ್‌ನ ಅತಿ ದೊಡ್ಡ ಗುಂಡು ನಳಿಗೆಯಿಂದ ಹೊರಡುವಾಗ ಹೊತ್ತಿರುವ ಶಕ್ತಿ ಸುಮಾರು 2,000 ಜೂಲ್. ಅಮೆರಿಕದ ರೈತನೊಬ್ಬ ಜಿಂಕೆ ಬೇಟೆಗೆ ಒಯ್ಯುವ ಹಳೆಯ ಕಾಲದ .30-06 ರೈಫಲಿನ ಗುಂಡು ಹೊತ್ತಿರುವುದು ಸುಮಾರು 3,800 ಜೂಲ್. ಪಿಸ್ತೂಲುಗಳ ಲೋಕದಲ್ಲಿ ದೈತ್ಯನೆನಿಸಿದ್ದು ಸಾಧಾರಣ ರೈಫಲಿನ ಪಕ್ಕ ನಿಂತಾಗ ಅರ್ಧ ಆಳು. ಸಾಲದ್ದಕ್ಕೆ ಪಿಸ್ತೂಲಿನ ದಪ್ಪ ಮೊಂಡು ಗುಂಡು ಗಾಳಿಯಲ್ಲಿ ಬೇಗ ವೇಗ ಕಳೆದುಕೊಳ್ಳುತ್ತದೆ. ಬಲವೆಷ್ಟಿದ್ದರೂ ಕಾಲು ಮುರಿದ ಗುಂಡು ಕಾಲು ಮುರಿದ ಗುಂಡೇ.

ಹಾಗಿದ್ದರೆ ಕೈಗೆಟಕುವ ರೈಫಲನ್ನು ಬಿಟ್ಟು ಪಿಸ್ತೂಲು ಹಿಡಿದು ಹೋಗುವುದೇಕೆ? ಅವರೇ ಕೊಡುವ ಉತ್ತರ: ಸವಾಲಿಗಾಗಿ. ರೈಫಲಿನಿಂದ ಬೇಟೆ ಸುಲಭವಾಯಿತು, ಪಿಸ್ತೂಲಿನಿಂದ ಹತ್ತಿರ ಹೋಗಬೇಕು, ಕಷ್ಟಪಡಬೇಕು, ಅದರಲ್ಲಿ ಸೊಗಸಿದೆ. ಓದುಗರು ಇಲ್ಲಿ ಸ್ವಲ್ಪ ನಿಲ್ಲಬೇಕು. ಸವಾಲನ್ನು ಆರಿಸಿಕೊಂಡವನು ಮನುಷ್ಯ. ಸೋತರೆ ಅವನು ಕಳೆದುಕೊಳ್ಳುವುದು ಒಂದು ದಿನದ ಹೆಮ್ಮೆ. ಸವಾಲಿಗೆ ಒಪ್ಪಿಗೆಯನ್ನೇ ಕೊಡದ ಪ್ರಾಣಿ ತೆರುವುದು ದವಡೆಯನ್ನು, ಕಾಲನ್ನು, ನಾಲ್ಕೈದು ದಿನಗಳ ನರಳಾಟವನ್ನು. ಒಬ್ಬನ ಆಟದ ಪಣವನ್ನು ಇನ್ನೊಬ್ಬರು ಕಟ್ಟುವ ಇಂಥ ವ್ಯವಹಾರವನ್ನು ನಾವು ಮಲೆನಾಡಿಗರು ಗಣಿಗಾರಿಕೆಯಲ್ಲಿ ನೋಡಿದ್ದೇವೆ, ಅಣೆಕಟ್ಟುಗಳಲ್ಲಿ ನೋಡಿದ್ದೇವೆ. ಆದ್ದರಿಂದ ನಮಗೆ ಇದರ ಗುರುತು ಹತ್ತಬೇಕು.

ಅರೆ ಸ್ವಯಂಚಾಲಿತ ಎಂಬ ಗುಣದ ಸಮರ್ಥನೆಯನ್ನೂ ಗಮನಿಸಿ. ಮೊದಲ ಗುಂಡು ತಪ್ಪಿದರೆ ಎರಡನೆಯದು ಕೂಡಲೇ ಸಿದ್ಧವಿರುತ್ತದೆ ಎನ್ನುತ್ತಾರೆ. ಆಯುಧ ನಿಖರವೆಂಬುದು ಒಂದು ಹೊಗಳಿಕೆ, ತಪ್ಪಿದರೆ ಮತ್ತೆ ಹೊಡೆಯಬಹುದೆಂಬುದು ಇನ್ನೊಂದು. ಎರಡನೆಯದು ಮೊದಲನೆಯದನ್ನು ಮೆಲ್ಲಗೆ ಹಿಂತೆಗೆದುಕೊಳ್ಳುತ್ತದೆ. ಮೊದಲ ಈಡಿಗೆ ಬೆದರಿದ ಜಿಂಕೆ ಓಡತೊಡಗಿದಾಗ ಹಾರುವ ಎರಡನೆಯ, ಮೂರನೆಯ ಗುಂಡುಗಳನ್ನು ಯಾವ ಮರಳಿನ ಚೀಲದ ಮೇಲೆ ಪರೀಕ್ಷಿಸಿದ್ದಾರೆ?

ಅಮೆರಿಕದಲ್ಲಿ ಪಿಸ್ತೂಲಿನ ದೂರಗುರಿಯ ಸ್ಪರ್ಧೆಗೆಂದೇ 1976ರಲ್ಲಿ ಒಂದು ಸಂಘ ಹುಟ್ಟಿತು. ಅಲ್ಲಿ ಕಬ್ಬಿಣದ ತಗಡಿನಲ್ಲಿ ಕತ್ತರಿಸಿದ ಕೋಳಿಯನ್ನು 50 ಮೀಟರಿಗೆ, ಹಂದಿಯನ್ನು 100ಕ್ಕೆ, ಟರ್ಕಿ ಕೋಳಿಯನ್ನು 150ಕ್ಕೆ, ಟಗರನ್ನು 200 ಮೀಟರಿಗೆ ನಿಲ್ಲಿಸಿ ಹೊಡೆದು ಉರುಳಿಸುತ್ತಾರೆ. ಅದರ ಬಗ್ಗೆ ನನಗೆ ಯಾವ ಜಗಳವೂ ಇಲ್ಲ. ಕಬ್ಬಿಣದ ಟಗರು ಪೆಟ್ಟು ತಿಂದು ಠಣ್ಣೆಂದು ಬೀಳುತ್ತದೆ, ಸಂಜೆಗೆ ಮತ್ತೆ ಎದ್ದು ನಿಲ್ಲುತ್ತದೆ. ಗುರಿಯ ಕೌಶಲಕ್ಕೆ ಅದೇ ತಕ್ಕ ಜಾಗ.

ಎದುರು ಪಕ್ಷದ ಬಲವಾದ ಮಾತು

ನ್ಯಾಯವಾಗಿ ವಾದಿಸಬೇಕಾದರೆ ಎದುರು ಪಕ್ಷದ ಬಲವಾದ ಮಾತನ್ನೂ ಕೇಳಬೇಕು. ಅಮೆರಿಕದ ವನ್ಯಜೀವಿಗಳನ್ನು ಉಳಿಸಿದ್ದು ಬೇಟೆಗಾರರೇ ಎಂದು ಅಲ್ಲಿ ಹೇಳುತ್ತಾರೆ. ಇದರಲ್ಲಿ ಸತ್ಯಾಂಶ ಬಹಳವಿದೆ. ಮಾರುಕಟ್ಟೆಗಾಗಿ ನಡೆದ ಬೇಟೆ ಆ ದೇಶದ ಕೋಟಿಗಟ್ಟಲೆ ಕಾಡೆಮ್ಮೆಗಳನ್ನು 1880ರ ದಶಕದ ಹೊತ್ತಿಗೆ ಸಾವಿರಕ್ಕೂ ಕಡಿಮೆಗೆ ಇಳಿಸಿತ್ತು. ಆಕಾಶ ಮುಚ್ಚುವಂತೆ ಹಾರುತ್ತಿದ್ದ ಪ್ಯಾಸೆಂಜರ್ ಪಾರಿವಾಳಗಳ ಕೊನೆಯ ಹಕ್ಕಿ 1914ರ ಸೆಪ್ಟೆಂಬರ್ 1ರಂದು ಸಿನ್ಸಿನಾಟಿಯ ಮೃಗಾಲಯದಲ್ಲಿ ಸತ್ತಿತು. ಈ ವಿನಾಶವನ್ನು ಕಂಡು ಎಚ್ಚೆತ್ತವರಲ್ಲಿ ಥಿಯೊಡೋರ್ ರೂಸ್‌ವೆಲ್ಟ್‌ರಂಥ ಬೇಟೆಗಾರರಿದ್ದರು. 1887ರಲ್ಲಿ ಅವರು ಕಟ್ಟಿದ ಬೂನ್ ಅಂಡ್ ಕ್ರೊಕೆಟ್ ಕ್ಲಬ್ಬು ಬೇಟೆಗೆ ನೀತಿನಿಯಮಗಳಿರಬೇಕೆಂಬ ವಿಚಾರವನ್ನು ಬೆಳೆಸಿತು. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯಿದೆಯಂತೆ ಕೋವಿ ಮತ್ತು ತೋಟೆಗಳ ಮೇಲಿನ 11 ಶೇಕಡಾ ಸುಂಕ ವನ್ಯಜೀವಿ ರಕ್ಷಣೆಗೆ ಹೋಗುತ್ತದೆ. 1970ರಿಂದ ಪಿಸ್ತೂಲುಗಳ ಮೇಲಿನ 10 ಶೇಕಡಾ ಸುಂಕವೂ ಸೇರಿತು.

ಇದನ್ನೆಲ್ಲ ಒಪ್ಪುತ್ತೇನೆ. ಆದರೆ ಸುಂಕ ಕಟ್ಟಿದ್ದು ಅಂಗಡಿಯಲ್ಲಿ. ಕೊಂಡ ತೋಟೆ ಕಾಗದಕ್ಕೆ ಹಾರಿದರೂ ಸರ್ಕಾರಕ್ಕೆ ಬರುವ ಹಣ ಅಷ್ಟೇ, ಜಿಂಕೆಯ ಹೊಟ್ಟೆಗೆ ಹಾರಿದರೂ ಅಷ್ಟೇ. ಕಾಡಿಗೆ ದಾನ ಕೊಟ್ಟವನಿಗೆ ಕಾಡಿನ ಪ್ರಾಣಿಯನ್ನು ಒರಟಾಗಿ ಕೊಲ್ಲುವ ಹಕ್ಕು ದಾನದ ರಸೀದಿಯ ಜೊತೆಗೆ ಬರುವುದಿಲ್ಲ. ಆ ದೇಶದ ಒಳ್ಳೆಯ ಬೇಟೆಗಾರರೇ ಈ ಮಾತನ್ನು ನಮಗಿಂತ ಮೊದಲು ಹೇಳಿದ್ದಾರೆ.

ಅವರಲ್ಲಿ ಹಿರಿಯರು ಆಲ್ಡೊ ಲಿಯೊಪೋಲ್ಡ್. 1909ರಲ್ಲಿ ತರುಣ ಅರಣ್ಯಾಧಿಕಾರಿಯಾಗಿ ಅರಿಜೋನಾದ ಗುಡ್ಡಗಾಡಿಗೆ ಬಂದವರು. ತೋಳಗಳು ಕಡಿಮೆಯಾದಷ್ಟೂ ಜಿಂಕೆಗಳು ಹೆಚ್ಚುತ್ತವೆ ಎಂದು ಆ ಕಾಲದ ಎಲ್ಲರಂತೆ ನಂಬಿದ್ದರು. ಒಂದು ದಿನ ಬಂಡೆಯಂಚಿನಲ್ಲಿ ಕುಳಿತು ಊಟ ಮಾಡುತ್ತಿದ್ದಾಗ ಕೆಳಗೆ ತೋಳಗಳ ಹಿಂಡು ಕಂಡಿತು. ಎಲ್ಲರೂ ಕೋವಿಗಳನ್ನು ಬರಿದು ಮಾಡುವವರೆಗೆ ಹಾರಿಸಿದರು. ಗುರಿಗಿಂತ ಉದ್ರೇಕವೇ ಹೆಚ್ಚಾಗಿತ್ತೆಂದೂ, ಕಡಿದಾದ ಇಳಿಜಾರಿನಲ್ಲಿ ಕೆಳಮುಖವಾಗಿ ಗುರಿಯಿಡುವುದು ಗೊಂದಲದ ಕೆಲಸವೆಂದೂ ಅವರೇ ಒಪ್ಪಿಕೊಂಡಿದ್ದಾರೆ. ಹೊಗೆ ತಿಳಿಯಾದಾಗ ಮುದಿ ತೋಳ ಬಿದ್ದಿತ್ತು. ಮರಿಯೊಂದು ಮುರಿದ ಕಾಲನ್ನೆಳೆಯುತ್ತ ಕಲ್ಲುರಾಶಿಯೊಳಗೆ ಮರೆಯಾಗುತ್ತಿತ್ತು. ಸಾಯುತ್ತಿದ್ದ ಆ ತೋಳದ ಕಣ್ಣಿನಲ್ಲಿ ಆರಿಹೋಗುತ್ತಿದ್ದ ಬೆಳಕನ್ನು ನೋಡಿದ ಮೇಲೆ ಅವರ ವಿಚಾರ ತಿರುಗಿತು. ತೋಳವಿಲ್ಲದ ಬೆಟ್ಟವನ್ನು ಜಿಂಕೆಗಳು ಬೋಳಿಸುತ್ತವೆಂಬ ಸತ್ಯ ಕಾಲಕ್ರಮೇಣ ಅವರಿಗೆ ಅರ್ಥವಾಯಿತು. ಅವರು ತೀರಿಕೊಂಡ ಮರುವರ್ಷ, 1949ರಲ್ಲಿ, ಪ್ರಕಟವಾದ ‘ಎ ಸ್ಯಾಂಡ್ ಕೌಂಟಿ ಅಲ್ಮನಾಕ್’ ಪುಸ್ತಕದಲ್ಲಿ ಈ ಪ್ರಸಂಗವಿದೆ. ಪರೀಕ್ಷೆ ಎಂದರೆ ಇದು. ಗುಂಡು ಹಾರಿಸಿದವನು ಇಳಿದು ಹೋಗಿ, ತಾನು ಮಾಡಿದ್ದನ್ನು ನೋಡಿ, ನೋಡಿದ್ದನ್ನು ಮುಚ್ಚಿಡದೆ ಬರೆದದ್ದು.

ನಮ್ಮ ಮಲೆಯ ಮಾತು

ಇನ್ನು ನಮ್ಮ ಮನೆಗೆ ಬರೋಣ. ಅಮೆರಿಕದವರನ್ನು ಬೈದು ಕೈತೊಳೆದುಕೊಳ್ಳುವ ಹಕ್ಕು ನಮಗಿಲ್ಲ.

ನಾನು ಐದನೆಯ ತರಗತಿಯಲ್ಲಿದ್ದಾಗ ನಮ್ಮ ನೆಂಟರೊಬ್ಬರು ಸುತ್ತಲ ಹತ್ತೂರಿಗೆ ದೊಡ್ಡ ಗುರಿಕಾರರು. ಮಾವಿನ ಕೊಂಬೆಗೆ ತೆಂಗಿನ ಕರಟ ಕಟ್ಟಿ, ಅದು ತೂಗುತ್ತಿರುವಾಗಲೇ ಕೇಪಿನ ಕೋವಿಯಿಂದ ಒಡೆಯುತ್ತಿದ್ದರು. ನಾವು ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದೆವು. ಒಂದು ಶ್ರಾವಣದಲ್ಲಿ ಅವರ ಈಡು ಕಡವೆಯೊಂದಕ್ಕೆ ತಗುಲಿತು, ಕಡವೆ ಬೀಳಲಿಲ್ಲ. ನೆತ್ತರ ಜಾಡು ಹಿಡಿದು ಹೋದವರು ಮಳೆ ಬಂದು ಜಾಡು ತೊಳೆದು ಹೋದದ್ದರಿಂದ ಬರಿಗೈಯಲ್ಲಿ ಮರಳಿದರು. ನಾಲ್ಕನೆಯ ದಿನ ನಮ್ಮ ಮನೆಯ ಅಬ್ಬಿ ನೀರಿನಲ್ಲಿ ವಾಸನೆ ಬಂತು. ಮೇಲೆ ಹೋಗಿ ನೋಡಿದರೆ ನೀರಿನ ಒರತೆಯಲ್ಲೇ ಅದು ಬಿದ್ದಿತ್ತು. ಹೊಟ್ಟೆಗೆ ಗುಂಡು ಬಿದ್ದ ಪ್ರಾಣಿ ಬಾಯಾರಿ ನೀರನ್ನು ಹುಡುಕಿಕೊಂಡು ಬರುತ್ತದೆಂದು ಹಿರಿಯರು ಹೇಳಿದರು. ಹೊಟ್ಟೆಯಲ್ಲಿ ಕರುವಿತ್ತು. ಆಮೇಲೆ ನಮ್ಮ ನೆಂಟರು ಕರಟ ಕಟ್ಟಿದ್ದನ್ನು ನಾನು ನೋಡಿಲ್ಲ. ಅವರ ಗುರಿಯಲ್ಲಿ ದೋಷವಿರಲಿಲ್ಲ. ಕರಟದ ಪರೀಕ್ಷೆಯಲ್ಲಿ ಅವರು ಎಂದೂ ತಪ್ಪಿದವರಲ್ಲ. ಕರಟ ಕಡವೆಯಾಗಿರಲಿಲ್ಲ, ಅಷ್ಟೇ.

ನಮ್ಮ ಕಾನೂನು ಈ ವ್ಯತ್ಯಾಸವನ್ನು ತಕ್ಕಮಟ್ಟಿಗೆ ಬಲ್ಲದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ 9ನೆಯ ಕಲಮು ಬೇಟೆಯನ್ನು ನಿಷೇಧಿಸಿದೆ. ಪ್ರಾಣಕ್ಕೋ ಬೆಳೆಗೋ ಅಪಾಯವಾದಾಗ ಅಧಿಕಾರಿ ಕಾರಣ ಬರೆದು ಅನುಮತಿ ಕೊಡಲು 11ನೆಯ ಕಲಮಿನಲ್ಲಿ ಅವಕಾಶವಿದೆ. 1959ರ ಆಯುಧ ಕಾಯಿದೆ ಬೆಳೆ ರಕ್ಷಣೆಯ ಪರವಾನಗಿಯ ಮಾತನಾಡುವಾಗ ನಳಿಗೆಯ ಬಾಯಿಯಿಂದ ಮದ್ದು ತುಂಬುವ ಕೋವಿಯನ್ನು ಹೆಸರಿಸುತ್ತದೆ, ಪಿಸ್ತೂಲನ್ನಲ್ಲ. ಕೊಡಗಿನ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿಯಿದೆ. ಅಲ್ಲಿ ಕೈಲ್ ಮುಹೂರ್ತದ ದಿನ ಆಯುಧಗಳನ್ನು ಪೂಜಿಸಿ, ಬಳಿಕ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಸುತ್ತಾರೆ. ನಾಟಿ ಮುಗಿದ ಮೇಲೆ ಬೇಟೆಗೆ ಹೊರಡುತ್ತಿದ್ದ ಹಬ್ಬದ ಗುರಿ ಈಗ ತೆಂಗಿನಕಾಯಿಗೆ ಬಂದು ನಿಂತಿದೆ. ಶೌರ್ಯಕ್ಕೇನೂ ಕುಂದು ಬಂದಿಲ್ಲ.

ಆದರೂ ಮಲೆನಾಡಿನ ಕಾಡುಗಳಲ್ಲಿ ರಾತ್ರಿ ಈಡಿನ ಸದ್ದು ನಿಂತಿಲ್ಲವೆಂದು ನಿಮಗೂ ಗೊತ್ತು, ನನಗೂ ಗೊತ್ತು. ಹಂದಿಯೆಂದು ಹಾರಿಸಿದ ಗುಂಡು ಜೊತೆಗಾರನಿಗೇ ತಗುಲಿದ ಸುದ್ದಿಗಳನ್ನು ನಾವು ಪತ್ರಿಕೆಗಳಲ್ಲಿ ಓದಿದ್ದೇವೆ. ಪೊದೆಯ ಅಲುಗಾಟಕ್ಕೆ ಗುರಿಯಿಡುವವನ ಕೈಗೆ ಎಷ್ಟು ನಿಖರವಾದ ಆಯುಧ ಕೊಟ್ಟರೂ ಅದು ತಪ್ಪನ್ನು ಇನ್ನಷ್ಟು ನಿಖರವಾಗಿ ಮಾಡುತ್ತದೆ.

ಹಂದಿಯ ಹಾವಳಿ ಸುಳ್ಳೆಂದು ನಾನು ಹೇಳುತ್ತಿಲ್ಲ. ಒಂದು ರಾತ್ರಿಯಲ್ಲಿ ವರ್ಷದ ಅನ್ನ ಮಣ್ಣುಪಾಲಾದವರ ಸಂಕಟ ಈ ಪತ್ರಿಕೆಗೆ ಹೊಸದಲ್ಲ. ಅದಕ್ಕೆ ಗಟ್ಟಿಯಾದ ಬೇಲಿ ಬೇಕು, ತಡವಿಲ್ಲದ ಪರಿಹಾರ ಬೇಕು, ಊರೊಟ್ಟಿನ ಕಾವಲು ಬೇಕು, ಕಾಡಿನೊಳಗೆ ಹಂದಿಗೆ ಗೆಡ್ಡೆಗೆಣಸು ಉಳಿಯಬೇಕು. ಇವುಗಳಿಗಾಗಿ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಬೇಕು. ಇದು ಬೇಸರದ, ನಿಧಾನದ ಕೆಲಸ. ಹೊಳೆಯುವ ಪಿಸ್ತೂಲಿನ ಕನಸು ಈ ಕೆಲಸದಿಂದ ತಪ್ಪಿಸಿಕೊಳ್ಳುವ ದಾರಿಯಾಗಬಾರದು.

ಕೊನೆಯದಾಗಿ, ಪ್ರಶ್ನೆ ಕೇಳಿದ ಆ ಹುಡುಗನಿಗೂ ಅವನ ಓರಗೆಯವರಿಗೂ. ಮುಂದೆ ಯಾವುದೇ ಆಯುಧದ ಗುರಿ ಪರೀಕ್ಷೆಯನ್ನು ನೋಡಿದಾಗ ನಾಲ್ಕು ಪ್ರಶ್ನೆ ಕೇಳಿ. ಕೈ ಯಾವುದರ ಮೇಲೆ ಊರಿತ್ತು? ಗುರಿ ಅಲುಗುತ್ತಿತ್ತೆ? ಲೆಕ್ಕದಿಂದ ಬಿಟ್ಟ ಗುಂಡುಗಳೆಷ್ಟು? ತಪ್ಪಿದ್ದರೆ ನೋವು ಯಾರದಾಗುತ್ತಿತ್ತು? ಈ ನಾಲ್ಕಕ್ಕೂ ಉತ್ತರ ಕೊಡದ ಪರೀಕ್ಷೆ ಕಬ್ಬಿಣದ ಬಗ್ಗೆ ಹೇಳಿದ್ದನ್ನು ನಂಬಿ, ಕಾಡಿನ ಬಗ್ಗೆ ಹೇಳಿದ್ದನ್ನು ನಂಬಬೇಡಿ. ಕಾಗದಕ್ಕೆ ನೆತ್ತರಿಲ್ಲ, ಬಾಯಾರಿಕೆಯಿಲ್ಲ. ಅದು ನಾಲ್ಕು ದಿನ ನಡೆದು ಯಾರದೋ ಮನೆಯ ಅಬ್ಬಿಯ ಒರತೆಗೆ ಬಂದು ಬೀಳುವುದಿಲ್ಲ.